ಹಳೆಯ ಚುಂಗಾಣಿಯ ಮೂಲಶೋಧನೆ

ಯಲಹಂಕ, ಹೆಬ್ಬಾಳ, ಯಶವಂತಪುರಗಳ ಹಳೆಯ ಮನೆಗಳಲ್ಲಿ ಅಟ್ಟವನ್ನು ಶುಚಿಮಾಡುವಾಗ ಮರದ ಚುಂಗಾಣಿಯೊಂದೋ ಹುಕ್ಕದ ಬುಡವೊಂದೋ ದೊರೆಯುವುದುಂಟು. “ಇಂಗ್ಲಿಷ್ ದೊರೆಯೊಬ್ಬನು ನಮ್ಮ ತಾತನಿಗೆ ಕೊಟ್ಟುದು” ಎಂದು ಹಿರಿಯರು ಹೇಳುವರು. ಹಳೆಯ ಸಾಮಾನಿನ ವ್ಯಾಪಾರಿಯು “ಇದಕ್ಕೇನೂ ಬೆಲೆಯಿಲ್ಲ” ಎನ್ನುವನು. ಎರಡು ಮಾತುಗಳನ್ನೂ ನಂಬುವ ಮೊದಲು ವಸ್ತುವನ್ನೇ ಪರೀಕ್ಷಿಸಬೇಕೆಂಬುದು ನಮ್ಮ ಬಿನ್ನಹ. ಹಿರಿಯರು ಕಾಲವಾಗಿ ವಸ್ತುವೂ ಮಾರಾಟವಾದ ಬಳಿಕ ನಿಜವನ್ನು ತಿಳಿಯುವ ದಾರಿಯೇ ಉಳಿಯದು.

ಹೊಗೆಸೊಪ್ಪು ಅಮೆರಿಕಾ ಖಂಡದ ಬೆಳೆ. ಪೋರ್ಚುಗೀಸರ ಮೂಲಕ ನಮ್ಮ ದೇಶಕ್ಕೆ ಬಂದಿತು. ಇದರ ಚರಿತ್ರೆಯಲ್ಲಿ ಕನ್ನಡನಾಡಿಗೂ ಪಾಲುಂಟು. ಬಿಜಾಪುರಕ್ಕೆ ಅಕ್ಬರನ ರಾಯಭಾರಿಯಾಗಿ ಬಂದಿದ್ದ ಅಸದ್ ಬೇಗನು ಸುಮಾರು 1604ರಲ್ಲಿ ಅಲ್ಲಿನ ಹೊಗೆಸೊಪ್ಪನ್ನು ಕೊಂಡೊಯ್ದು, ಅಲಂಕರಿಸಿದ ಕೊಳವೆಯೊಡನೆ ಬಾದಶಹನಿಗೆ ಒಪ್ಪಿಸಿದುದನ್ನು ತಾನೇ ಬರೆದಿಟ್ಟಿರುವನು. 1617ರಲ್ಲಿ ಜಹಾಂಗೀರನು ಇದರ ಸೇವನೆಯನ್ನು ನಿಷೇಧಿಸಿದರೂ ಚಟವು ನಿಲ್ಲಲಿಲ್ಲ.

ದೊರೆತುದು ಬೆಳ್ಳಿಯ ಕುಸುರಿಯುಳ್ಳ ಕಪ್ಪು ಹುಕ್ಕದ ಬುಡವಾದರೆ ಅದು ಬಿದರಿ ಕೆಲಸವಿರಬಹುದು. ಹೆಚ್ಚಿನ ಪಾಲು ಸತುವಿಗೆ ಸ್ವಲ್ಪ ತಾಮ್ರವನ್ನು ಬೆರೆಸಿ ಎರಕಹೊಯ್ದು, ಬೆಳ್ಳಿಯನ್ನು ಕೂಡಿಸಿ, ಬೀದರ ಕೋಟೆಯ ಮಣ್ಣಿನಿಂದ ಕಪ್ಪೇರಿಸುವುದು ಇದರ ಕ್ರಮ. ಗುಂಡನೆಯ ಬುಡಗಳು ಸಾಮಾನ್ಯವಾಗಿ ಹಳೆಯ ಮಾದರಿಯವು. ಗಂಟೆಯಾಕಾರದವು 18ನೆಯ ಶತಮಾನದಲ್ಲಿ ಬಳಕೆಗೆ ಬಂದವು. ಆದರೆ ಇದೇ ಕೆಲಸವು ಲಖನೌ, ಪೂರ್ಣಿಯಾಗಳಲ್ಲಿಯೂ ನಡೆಯುತ್ತಿದ್ದುದರಿಂದ, ಬಿದರಿಯೆಂದ ಮಾತ್ರಕ್ಕೆ ಬೀದರಿನಲ್ಲಿಯೇ ಮಾಡಿದುದೆನ್ನಲಾಗದು.

ಮರದ ಚುಂಗಾಣಿಯಾದರೆ, ಅದರ ಕತ್ತಿಗೆ ಬೆಳ್ಳಿಯ ಪಟ್ಟಿಯಿದೆಯೇ ಎಂದು ಭೂತಗನ್ನಡಿಯಿಂದ ನೋಡತಕ್ಕದ್ದು. ನಡೆಯುವ ಸಿಂಹದ ಮುದ್ರೆಯು ಸಾವಿರಕ್ಕೆ 925 ಪಾಲು ಬೆಳ್ಳಿಯುಳ್ಳ ಇಂಗ್ಲಿಷ್ ಲೋಹವನ್ನು ಸೂಚಿಸುವುದು. ಲಂಗರು ಬರ್ಮಿಂಗ್‌ಹ್ಯಾಮನ್ನೂ ಚಿರತೆಯ ತಲೆ ಲಂಡನ್ನನ್ನೂ ತಿಳಿಸುವುವು. ಪಕ್ಕದ ಅಕ್ಷರವು ಪರೀಕ್ಷೆಯ ವರ್ಷದ ಗುರುತು. ಅಕ್ಷರಗಳು ಸುತ್ತುಸುತ್ತಾಗಿ ಮರಳಿ ಬರುವುದರಿಂದ ಅದರ ಬರಹದ ರೀತಿಯನ್ನೂ ಚೌಕಟ್ಟನ್ನೂ ಅಚ್ಚಾದ ಪಟ್ಟಿಯೊಡನೆ ಹೋಲಿಸಬೇಕು. ಬೆಳ್ಳಿಯಲ್ಲದ ಪಟ್ಟಿಗಳ ಮೇಲೂ ಇಂತಹ ಮುದ್ರೆಗಳ ಅನುಕರಣೆಯುಂಟು, ಎಚ್ಚರವಿರಲಿ.

ಮುದ್ರೆಯು ಪಟ್ಟಿಯ ವರ್ಷವನ್ನು ಹೇಳುವುದೇ ಹೊರತು, ಚುಂಗಾಣಿ ಮನೆಗೆ ಬಂದ ವರ್ಷವನ್ನಲ್ಲ. ಬೆಂಗಳೂರಿನ ದಂಡು 1809ರಲ್ಲಿ ಏರ್ಪಟ್ಟಿತು. ಎರಡನೆಯ ಮಹಾಯುದ್ಧದ (1939–1945) ಕಾಲದಲ್ಲಿ ಯಲಹಂಕದ ವಿಮಾನ ನಿಲ್ದಾಣದಲ್ಲಿ ಬ್ರಿಟಿಷ್ ವೈಮಾನಿಕರಿದ್ದರು. ಇಂಗ್ಲೆಂಡಿನ ಚುಂಗಾಣಿಯು ಇತ್ತ ಬರಲು ಅನೇಕ ದಾರಿಗಳಿದ್ದುವು. ಮುದ್ರೆ 1938ರದಾಗಿದ್ದು, ತಾತನಿಗೆ 1905ರಲ್ಲಿ ದೊರೆಯಿತೆಂಬ ಕಥೆಯಿದ್ದರೆ ಎರಡೂ ಹೊಂದವು. ಆದರೂ ಹಿರಿಯರು ಸುಳ್ಳಾಡಿದರೆಂದು ಭಾವಿಸಬಾರದು. ಉಡುಗೊರೆ ನಿಜವಾಗಿದ್ದು, ವರ್ಷವೋ ಪಡೆದವರ ಹೆಸರೋ ಬದಲಾಗಿರಬಹುದು.

ಹುಣಸೆಹಣ್ಣು, ಬೂದಿಗಳಿಂದ ತಿಕ್ಕಿದರೆ ಮುದ್ರೆಯು ಸವೆಯುವುದು, ಬಿದರಿಯ ಕಪ್ಪು ಕೆಡುವುದು. ಮೆತ್ತನೆಯ ಒಣಬಟ್ಟೆಯಿಂದ ಒರಸಿ, ಭಾವಚಿತ್ರ ತೆಗೆದು, ಯಾರಿಂದ ಏನನ್ನು ಕೇಳಿದಿರಿ, ವಸ್ತುವಿನಲ್ಲಿ ಏನನ್ನು ಕಂಡಿರಿ ಎಂಬುದನ್ನು ಬೇರೆಬೇರೆಯಾಗಿ ಬರೆದು ಜೊತೆಯಲ್ಲಿಡಿರಿ. ಹೊಗೆಯ ಚಟವನ್ನು ಮಕ್ಕಳಿಗೆ ಬಿಟ್ಟುಹೋಗುವುದು ಬೇಡ. ಮನೆಯ ಚರಿತ್ರೆಯನ್ನು ತಪ್ಪಿಲ್ಲದೆ ಬಿಟ್ಟುಹೋಗುವುದು ಗೃಹಸ್ಥರ ಕರ್ತವ್ಯವೆಂದು ನಾವು ನಂಬಿರುವೆವು.