ಯಂತ್ರದ ಕಣ್ಣಿಗೆ ಹೀರೋ ಹೇಗೆ ಕಂಡ?

ಮುಖಕ್ಕೆ ಆಸಿಡ್ ಬಿದ್ದಿದೆ. ಆದರೂ ಕಪ್ಪು ಅಂಗಿಯ ಆ ಬಂದೂಕುಗಾರ ನಿಲ್ಲುತ್ತಿಲ್ಲ... ಬೂಟು ಬಡಿಯುತ್ತಾ ಬರ್ತಾನೇ ಇದಾನೆ! ಅವನು ಮನುಷ್ಯನಲ್ಲ ಸ್ವಾಮಿ, ಯಂತ್ರ! ಹೀರೋ ರಿಚರ್ಡ್ ಬೆಂಜಮಿನ್ ಉರಿಯುವ ಪಂಜಿನ ಬಳಿ ಉಸಿರು ಬಿಗಿಹಿಡಿದು ನಿಂತಿದ್ದಾನೆ. ಯಂತ್ರ ಹುಡುಕುವುದು ಮೈಯ ಬಿಸಿಯನ್ನು. ಪಂಜಿನ ಬಿಸಿಯಲ್ಲಿ ಅದು ಬೆರೆತುಹೋದರೆ ಬಚಾವ್!

ಇದು 1973ರ ‘ವೆಸ್ಟ್‌ವರ್ಲ್ಡ್’. ಯಂತ್ರಮಾನವನಾಗಿ ಬೋಳುತಲೆಯ ಖ್ಯಾತ ನಟ ಯುಲ್ ಬ್ರಿನ್ನರ್. ನಿರ್ದೇಶಕ ಮೈಕೆಲ್ ಕ್ರೈಟನ್ (ಮುಂದೆ ‘ಜುರಾಸಿಕ್ ಪಾರ್ಕ್’ ಕಾದಂಬರಿ ಬರೆದ ಅದೇ ಆಸಾಮಿ).

ಕ್ರೈಟನ್‌ಗೆ ಒಂದೇ ಚಿಂತೆ. ಯಂತ್ರದ ಕಣ್ಣಿಗೆ ನಾವು ಹೇಗೆ ಕಾಣ್ತೀವಿ? ಲೆನ್ಸ್ ಮುಂದೆ ಕೆಂಪು ಗಾಜು ಹಿಡಿಯೋದು ಯಾರಿಗಾದರೂ ಬರುತ್ತೆ. ಅವರಿಗೆ ಅದು ಬೇಡ. ಬಾಹ್ಯಾಕಾಶ ನೌಕೆಗಳು ಕಳಿಸಿದ ಫೋಟೋಗಳನ್ನು ಕಂಪ್ಯೂಟರಿನಲ್ಲಿ ತಿದ್ದುತ್ತಿದ್ದ ಪ್ಯಾಸಡೀನಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಗೇ ಹೋದರು. ಅಲ್ಲಿ ಸಿಕ್ಕ ಲೆಕ್ಕ: ಎರಡು ನಿಮಿಷದ ಚಿತ್ರಕ್ಕೆ ಒಂಬತ್ತು ತಿಂಗಳು, 2 ಲಕ್ಷ ಡಾಲರ್! ಇಡೀ ಸಿನಿಮಾದ ಬಜೆಟ್ಟೇ ಸುಮಾರು 12.5 ಲಕ್ಷ. ಕೊಡೋದಾದ್ರೂ ಹೇಗೆ?

ಕೊನೆಗೆ ಕೈಹಿಡಿದವರು ಜಾನ್ ವಿಟ್ನಿ ಜೂನಿಯರ್. ತಂದೆ ಜಾನ್ ವಿಟ್ನಿ ಯಂತ್ರದಿಂದ ಬಣ್ಣಬಣ್ಣದ ಚಿತ್ತಾರ ಮೂಡಿಸಿ ಸಿನಿಮಾ ಮಾಡಿದ್ದವರು. ಮಗ ‘ಇನ್‌ಫರ್ಮೇಷನ್ ಇಂಟರ್‌ನ್ಯಾಷನಲ್’ ಕಂಪನಿಯ ಕಂಪ್ಯೂಟರ್ ಹಿಡಿದು ಕೂತರು. ನಾಲ್ಕು ತಿಂಗಳು, 20,000 ಡಾಲರ್, ಕೆಲಸ ಮುಗೀತು!

ಮಾಡಿದ್ದೇನು? ಮಾಮೂಲಿಯಾಗಿ ಶೂಟ್ ಮಾಡಿದ ಫಿಲ್ಮನ್ನು ತಗೊಂಡು, ಒಂದೊಂದು ಫ್ರೇಮಿನ ಬಣ್ಣಗಳನ್ನೂ ಬೇರೆ ಬೇರೆ ಮಾಡಿದರು. ಅದನ್ನು ಸ್ಕ್ಯಾನ್ ಮಾಡಿ, ಎಲ್ಲಿ ಎಷ್ಟು ಬೆಳಕು ಎಷ್ಟು ಕತ್ತಲೆ ಅನ್ನೋದನ್ನು ಅಂಕಿಗಳಾಗಿ ಕಂಪ್ಯೂಟರಿಗೆ ಉಣಿಸಿದರು. ಕಂಪ್ಯೂಟರ್ ಚಿತ್ರವನ್ನು ಚೌಕಚೌಕವಾಗಿ ಕತ್ತರಿಸಿ ಒಂದು ಚೌಕಕ್ಕೆ ಒಂದೇ ಬಣ್ಣ ತುಂಬಿತು. ಕಣ್ಣು ಮೂಗು ಎಲ್ಲಾ ಮಾಯ, ಉಳಿದದ್ದು ಮೊಸಾಯಿಕ್ ನೆಲದಂಥ ಚಿತ್ತಾರ! ಅದನ್ನು ಮತ್ತೆ ಫಿಲ್ಮಿಗೆ ಇಳಿಸಿದರು. ಸೆಕೆಂಡಿಗೆ 24 ಫ್ರೇಮು, ಎರಡೂವರೆ ನಿಮಿಷಕ್ಕೆ 3600... ತಾಳ್ಮೆ ಎಷ್ಟಿರಬೇಕು ನೀವೇ ಹೇಳಿ!

ಕಥಾಚಿತ್ರವೊಂದರಲ್ಲಿ ಹೀಗೆ ಕಂಪ್ಯೂಟರ್ ಬಳಸಿ ಚಿತ್ರವನ್ನೇ ಬದಲಿಸಿದ್ದು ಅದೇ ಮೊದಲು. ಈಗ ಟೀವಿ ಸುದ್ದಿಯಲ್ಲಿ ಮುಖ ಮರೆಸೋಕೆ ಹಾಕ್ತಾರಲ್ಲ ಚೌಕಗಳು, ಹೆಚ್ಚುಕಡಿಮೆ ಅದೇ ಕೈಚಳಕ. ಆದರೆ ಅಲ್ಲಿ ಮುಚ್ಚೋಕೆ, ಇಲ್ಲಿ ಹೆದರಿಸೋಕೆ!

ಸಿನಿಮಾ ಸಿಕ್ಕಿದರೆ ಒಂದು ತಮಾಷೆ ಮಾಡಿ ನೋಡಿ. ಆ ದೃಶ್ಯವನ್ನು ತಟಕ್ಕನೆ ನಿಲ್ಲಿಸಿ. ಬರೀ ಬಣ್ಣದ ಚೌಕಗಳು, ತಲೆಬುಡ ತಿಳಿಯೋಲ್ಲ. ಮತ್ತೆ ಓಡಲು ಬಿಡಿ... ಅಗೋ, ಚೌಕಗಳ ನಡುವಿನಿಂದ ಒಬ್ಬ ಮನುಷ್ಯ ಎದ್ದು ಓಡ್ತಾನೆ!