ಮೈಮೇಲೆ ಖಬರಿರಲಿ: ದಿನದ ಕೆಲಸದಲ್ಲೇ ಧ್ಯಾನ

ಕಾಲುವೆಗೆ ನೀರು ಎಂದು ಬಿಡುತ್ತಾರೆ, ಭತ್ತಕ್ಕೆ ಬೆಲೆ ಎಷ್ಟು ಸಿಗುತ್ತದೆ, ಸಾಲದ ಕಂತು ಹೇಗೆ ಕಟ್ಟುವುದು, ಮಗಳ ಪರೀಕ್ಷೆ ಏನಾಗುವುದೋ. ತೆಕ್ಕಲಕೋಟೆ, ಸಿರುಗುಪ್ಪ, ಕುರುಗೋಡು ಕಡೆಯ ಮನೆಗಳಲ್ಲಿ ಈ ಮಾತುಗಳು ದಿನವೂ ಕೇಳಿಬರುತ್ತವೆ. ಜವಾಬ್ದಾರಿ ಇರುವ ಮನುಷ್ಯನಿಗೆ ಚಿಂತೆ ಇರುವುದು ಸಹಜ. ಆದರೆ ಅದೇ ಚಿಂತೆ ಊಟಕ್ಕೆ ಕುಳಿತಾಗಲೂ, ಹಾಸಿಗೆಗೆ ಹೋದಾಗಲೂ ಗಾಣದ ಎತ್ತಿನಂತೆ ತಲೆಯಲ್ಲಿ ಸುತ್ತತೊಡಗಿದರೆ ಕೆಲಸವೂ ಆಗುವುದಿಲ್ಲ, ಶರೀರಕ್ಕೆ ವಿಶ್ರಾಂತಿಯೂ ಸಿಗುವುದಿಲ್ಲ. ತಲೆನೋವು, ಎದೆ ಡವಗುಟ್ಟುವುದು, ನಿದ್ದೆ ಬಾರದಿರುವುದು, ಮನೆಯವರ ಮೇಲೆ ಸಿಡುಕುವುದು ಒಂದೊಂದಾಗಿ ಆರಂಭವಾಗುತ್ತವೆ.

ಇಂತಹ ಸಂದರ್ಭದಲ್ಲಿ ನೆರವಾಗಬಲ್ಲ, ಕಾಸು ಖರ್ಚಿಲ್ಲದ ಒಂದು ಅಭ್ಯಾಸವಿದೆ. ಇಂದು ಜಗತ್ತಿನ ಅನೇಕ ಆಸ್ಪತ್ರೆಗಳಲ್ಲಿ ಅದನ್ನು ‘ಮೈಂಡ್‌ಫುಲ್‌ನೆಸ್’ ಎಂಬ ಹೆಸರಿನಲ್ಲಿ ಕಲಿಸುತ್ತಾರೆ. ಕನ್ನಡದಲ್ಲಿ ಸಾವಧಾನತೆಯ ಧ್ಯಾನ ಅಥವಾ ಅರಿವಿನ ಧ್ಯಾನ ಎನ್ನಬಹುದು. ಇದಕ್ಕೆ ಪ್ರತ್ಯೇಕ ಕೋಣೆಯಾಗಲೀ ಗಂಟೆಗಟ್ಟಲೆ ಬಿಡುವಾಗಲೀ ಬೇಕಿಲ್ಲ. ನೀವು ದಿನವೂ ಮಾಡುವ ಕೆಲಸಗಳ ನಡುವೆಯೇ ಇದನ್ನು ರೂಢಿಸಿಕೊಳ್ಳಬಹುದು.

ಏನಿದು ಸಾವಧಾನತೆ?

ಈ ಕ್ಷಣದಲ್ಲಿ ನಡೆಯುತ್ತಿರುವುದನ್ನು, ಅದು ಒಳ್ಳೆಯದು ಅಥವಾ ಕೆಟ್ಟದ್ದು ಎಂದು ತೀರ್ಪು ಕೊಡಲು ಹೋಗದೆ, ಬೇಕೆಂದೇ ಗಮನಿಸುವುದು ಸಾವಧಾನತೆ. ಉಸಿರು ಒಳಗೆ ಬರುತ್ತಿದೆ, ಹೊರಗೆ ಹೋಗುತ್ತಿದೆ. ಕಾಲು ನೆಲಕ್ಕೆ ತಾಗುತ್ತಿದೆ. ಮನಸ್ಸಿಗೆ ಸಿಟ್ಟು ಬರುತ್ತಿದೆ. ಇವುಗಳನ್ನು ಇದ್ದ ಹಾಗೆಯೇ ತಿಳಿಯುವುದು, ಅಷ್ಟೆ.

ಕೇಳಲು ಹೊಸದೆನಿಸಿದರೂ ಇದಕ್ಕೆ ಬೇಕಾದ ಮಾತು ನಮ್ಮ ಕಡೆ ಮೊದಲಿನಿಂದಲೂ ಇದೆ. ಮಗ ತಟ್ಟೆಯ ಮುಂದೆ ಕುಳಿತು ಬೇರೇನೋ ಯೋಚಿಸುತ್ತಿದ್ದರೆ ‘ಧ್ಯಾಸ ಎಲ್ಲೈತಪ್ಪಾ?’ ಎಂದು ತಾಯಿ ಕೇಳುತ್ತಾಳೆ. ಎಡವಿ ಬಿದ್ದವನಿಗೆ ‘ಮೈಮೇಲೆ ಖಬರು ಇಲ್ಲೇನು?’ ಎನ್ನುತ್ತಾರೆ. ಮೈಮೇಲೆ ಖಬರಿಡುವುದನ್ನು ದಿನಕ್ಕೆ ಹತ್ತು ನಿಮಿಷ ಕ್ರಮವಾಗಿ ಅಭ್ಯಾಸ ಮಾಡುವುದೇ ಈ ಧ್ಯಾನ.

ಮೂಲ ನಮ್ಮದೇ

ಈ ಪದ್ಧತಿಯ ಬೇರು ಬೌದ್ಧರ ಧ್ಯಾನದಲ್ಲಿದೆ. ಪಾಳಿ ಭಾಷೆಯಲ್ಲಿ ಇದಕ್ಕೆ ‘ಸತಿ’ ಎಂದು ಹೆಸರು. ಸಂಸ್ಕೃತದ ‘ಸ್ಮೃತಿ’ ಎಂಬುದೇ ಈ ಪದ. ಬೌದ್ಧ ಧರ್ಮದ ಗಾಳಿ ನಮ್ಮ ಭಾಗಕ್ಕೂ ಬಹಳ ಹಿಂದೆಯೇ ಬೀಸಿತ್ತು. ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು ಮತ್ತು ಉಡೇಗೋಳದಲ್ಲಿ ಅಶೋಕ ಚಕ್ರವರ್ತಿಯ ಬಂಡೆ ಶಾಸನಗಳಿವೆ. ಅಶೋಕನ ಹೆಸರನ್ನೇ ಹೇಳುವ ಕೆಲವೇ ಶಾಸನಗಳಲ್ಲಿ ಇವೂ ಸೇರಿವೆ. ಇವುಗಳಲ್ಲಿ ಧ್ಯಾನದ ವಿಧಾನವಿಲ್ಲ. ಆದರೆ ಬುದ್ಧನ ಉಪಾಸಕನಾದ ಆ ದೊರೆ ಒಂದು ಮಾತನ್ನು ಸಾರುತ್ತಾನೆ: ಪ್ರಯತ್ನದ ಫಲ ದೊಡ್ಡವರಿಗಷ್ಟೇ ಮೀಸಲಲ್ಲ, ಶ್ರಮಪಟ್ಟರೆ ಸಣ್ಣವರಿಗೂ ಅದು ದಕ್ಕುತ್ತದೆ. ಧ್ಯಾನವೆಂದರೆ ಸನ್ಯಾಸಿಗಳ ವಿಷಯ ಎಂದುಕೊಂಡವರು ಈ ಮಾತನ್ನು ನೆನಪಿಡುವುದು ಒಳ್ಳೆಯದು.

ಇದನ್ನು ಆಸ್ಪತ್ರೆಯೊಳಗೆ ತಂದವರು ಅಮೆರಿಕದ ಜಾನ್ ಕಬಟ್-ಝಿನ್. 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ, ದೀರ್ಘಕಾಲದ ನೋವು ಮತ್ತು ಒತ್ತಡದಿಂದ ಬಳಲುತ್ತಿದ್ದ ರೋಗಿಗಳಿಗಾಗಿ ಅವರು ಆರಂಭಿಸಿದ ತರಬೇತಿ ಮುಂದೆ ಎಂಟು ವಾರಗಳ ಕ್ರಮವಾಗಿ ರೂಪುಗೊಂಡಿತು. ಧಾರ್ಮಿಕ ವಿಧಿಗಳನ್ನು ಬಿಟ್ಟು ಗಮನದ ಅಭ್ಯಾಸವನ್ನಷ್ಟೇ ಅವರು ಉಳಿಸಿಕೊಂಡರು. ಹೀಗಾಗಿ ಯಾವುದೇ ಮತದವರು, ದೇವರನ್ನು ನಂಬುವವರು, ನಂಬದವರು, ಎಲ್ಲರೂ ಇದನ್ನು ಮಾಡಬಹುದು.

ಶರೀರದಲ್ಲಿ ಆಗುವುದೇನು?

ಎದುರಿಗೆ ಹಾವು ಕಂಡರೆ ನಮ್ಮ ಮೆದುಳು ಕೂಡಲೇ ಅಪಾಯದ ಸೂಚನೆ ಕೊಡುತ್ತದೆ. ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳಿಂದ ಅಡ್ರಿನಲಿನ್, ಕಾರ್ಟಿಸೋಲ್ ಎಂಬ ರಸದೂತಗಳು ರಕ್ತಕ್ಕೆ ಸೇರುತ್ತವೆ. ಹೃದಯದ ಬಡಿತ ಏರುತ್ತದೆ, ರಕ್ತದೊತ್ತಡ ಹೆಚ್ಚುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಓಡಿಹೋಗಲು ಇದು ಬೇಕೇ ಬೇಕು. ಹಾವು ಹೋದ ಮೇಲೆ ಎಲ್ಲವೂ ತಾನಾಗಿ ಇಳಿಯುತ್ತದೆ.

ತೊಂದರೆ ಇರುವುದು ಇಲ್ಲಿ. ಕಣ್ಣೆದುರು ಹಾವಿಲ್ಲದಿದ್ದರೂ ಅದರ ನೆನಪು ಮಾಡಿಕೊಂಡರೆ ಶರೀರ ಸ್ವಲ್ಪಮಟ್ಟಿಗೆ ಹಾಗೆಯೇ ವರ್ತಿಸುತ್ತದೆ. ಸಾಲಗಾರನ ಮಾತು, ನಿನ್ನೆಯ ಜಗಳ, ನಾಳೆಯ ಭಯ ಇವೆಲ್ಲ ತಲೆಯೊಳಗಿನ ಹಾವುಗಳು. ಅವು ಹೋಗುವುದೇ ಇಲ್ಲವಾದ್ದರಿಂದ ಶರೀರದ ಬಿಗಿತವೂ ಇಳಿಯುವುದಿಲ್ಲ. ಗಮನವನ್ನು ಉಸಿರಿನತ್ತ, ಕೈಕೆಲಸದತ್ತ ತಂದಾಗ ಈ ಸುತ್ತಾಟ ಸ್ವಲ್ಪ ಹೊತ್ತು ಕಡಿಯುತ್ತದೆ. ಉಸಿರನ್ನು ನಿಧಾನವಾಗಿ ಹೊರಬಿಡುವಾಗ ವೇಗಸ್ ಎಂಬ ನರದ ಮೂಲಕ ಹೃದಯದ ಬಡಿತವೂ ತುಸು ತಗ್ಗುತ್ತದೆ.

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್‌ಗೇಟ್ ಕೊಚ್ಚಿಹೋದ ಸಂದರ್ಭವನ್ನೇ ನೋಡಿ. ಕಾಲುವೆಯ ನೀರನ್ನು ನಂಬಿದ್ದ ರೈತರ ಆತಂಕ ಹುಸಿಯಾಗಿರಲಿಲ್ಲ. ಧ್ಯಾನದಿಂದ ಗೇಟು ಕೂರುವುದಿಲ್ಲ, ನೀರು ನಿಲ್ಲುವುದೂ ಇಲ್ಲ. ಆದರೆ ಇಂತಹ ಹೊತ್ತಿನಲ್ಲಿ ‘ಇಂದು ನಾನು ಮಾಡಬಹುದಾದದ್ದು ಏನು?’ ಎಂಬ ಯೋಚನೆಯೇ ಬೇರೆ, ‘ಹೀಗಾದರೆ ಏನು ಗತಿ?’ ಎಂದು ರಾತ್ರಿಯಿಡೀ ಹೊರಳಾಡುವುದೇ ಬೇರೆ. ಮೊದಲನೆಯದು ಕೆಲಸಕ್ಕೆ ಬರುತ್ತದೆ, ಎರಡನೆಯದು ಆರೋಗ್ಯ ಕೆಡಿಸುತ್ತದೆ. ಇವೆರಡನ್ನು ಬೇರ್ಪಡಿಸಿ ನೋಡುವ ಶಕ್ತಿಯನ್ನು ಈ ಅಭ್ಯಾಸ ಬೆಳೆಸುತ್ತದೆ.

ಎಷ್ಟು ಪ್ರಯೋಜನ?

ಸರ್ವರೋಗಕ್ಕೂ ಇದೇ ಮದ್ದು ಎಂದು ಹೇಳುವವರ ಮಾತು ನಂಬಬೇಡಿ. 2014ರಲ್ಲಿ ಅಮೆರಿಕದ ಸಂಶೋಧಕರು ಸುಮಾರು 3,500 ಜನರನ್ನೊಳಗೊಂಡ 47 ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದರು. ಆತಂಕ, ಖಿನ್ನತೆ ಹಾಗೂ ನೋವು ಕಡಿಮೆ ಮಾಡುವಲ್ಲಿ ಸಾವಧಾನತೆಯ ಧ್ಯಾನದಿಂದ ಸಾಧಾರಣ ಮಟ್ಟದ ಪ್ರಯೋಜನವಿದೆ ಎಂದು ಕಂಡುಬಂತು. ಆದರೆ ಔಷಧಿ, ವ್ಯಾಯಾಮ ಮುಂತಾದ ಇತರ ಚಿಕಿತ್ಸೆಗಳಿಗಿಂತ ಇದು ಮೇಲು ಎನ್ನಲು ಆಧಾರ ಸಿಗಲಿಲ್ಲ. ಆದ್ದರಿಂದ ಇದನ್ನು ಚಿಕಿತ್ಸೆಗೆ ಜೊತೆಯಾಗಿ ಇಟ್ಟುಕೊಳ್ಳಬೇಕೇ ಹೊರತು ಚಿಕಿತ್ಸೆಯ ಬದಲಿಗೆ ಅಲ್ಲ.

ಆರಂಭಿಸುವ ಬಗೆ

ಮೊದಲ ಎರಡು ವಾರ ದಿನಕ್ಕೆ ಹತ್ತು ನಿಮಿಷ ಕುಳಿತು ಅಭ್ಯಾಸ ಮಾಡಿ. ಬಿಸಿಲು ಏರುವ ಮುಂಚಿನ ಬೆಳಗಿನ ಹೊತ್ತು ನಮ್ಮ ಜಿಲ್ಲೆಗೆ ಹೆಚ್ಚು ಅನುಕೂಲ.

1. ಚಾಪೆಯ ಮೇಲೆ, ಕುರ್ಚಿಯ ಮೇಲೆ ಅಥವಾ ಮನೆಯ ಕಟ್ಟೆಯ ಮೇಲೆ ಬೆನ್ನು ನೆಟ್ಟಗಿಟ್ಟು ಆರಾಮವಾಗಿ ಕುಳಿತುಕೊಳ್ಳಿ. ಮಂಡಿನೋವು ಇರುವವರು ಪದ್ಮಾಸನಕ್ಕೆ ಹೋಗುವುದು ಬೇಡ.

2. ಕಣ್ಣು ಮುಚ್ಚಿ, ಇಲ್ಲವೇ ನೆಲದ ಕಡೆ ದೃಷ್ಟಿ ಇಡಿ.

3. ಉಸಿರು ಎಲ್ಲಿ ಚೆನ್ನಾಗಿ ತಿಳಿಯುತ್ತದೋ ಅಲ್ಲಿ ಗಮನವಿಡಿ. ಮೂಗಿನ ತುದಿಯಾಗಬಹುದು, ಹೊಟ್ಟೆಯಾಗಬಹುದು. ಉಸಿರನ್ನು ಎಳೆಯಬೇಡಿ, ಬಿಗಿಹಿಡಿಯಬೇಡಿ. ಅದು ಬಂದಂತೆ ಬರಲಿ.

4. ಹೊರಗೆ ಹೋಗುವ ಉಸಿರುಗಳನ್ನು ಒಂದರಿಂದ ಹತ್ತರವರೆಗೆ ಎಣಿಸಿ, ಮತ್ತೆ ಒಂದರಿಂದ ಶುರುಮಾಡಿ.

5. ಮನಸ್ಸು ಬೇರೆಡೆ ಹೋದದ್ದು ತಿಳಿದ ಕೂಡಲೇ ‘ಯೋಚನೆ’ ಎಂದು ಒಳಗೇ ಹೇಳಿಕೊಂಡು ಉಸಿರಿಗೆ ಮರಳಿ.

ಐದನೆಯ ಅಂಶವೇ ಮುಖ್ಯ. ‘ನನ್ನ ಮನಸ್ಸು ನಿಲ್ಲುವುದೇ ಇಲ್ಲ, ನನಗೆ ಇದೆಲ್ಲ ಆಗುವುದಿಲ್ಲ’ ಎಂದು ಬಹಳ ಮಂದಿ ನಾಲ್ಕೇ ದಿನಕ್ಕೆ ಬಿಟ್ಟುಬಿಡುತ್ತಾರೆ. ಮನಸ್ಸು ಅಲೆಯುವುದು ಸೋಲಲ್ಲ. 2010ರಲ್ಲಿ ಪ್ರಕಟವಾದ ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಯನವೊಂದರಲ್ಲಿ, ಜನರನ್ನು ದಿನದ ಬೇರೆಬೇರೆ ಹೊತ್ತಿನಲ್ಲಿ ವಿಚಾರಿಸಿದಾಗ ಹೆಚ್ಚುಕಡಿಮೆ ಅರ್ಧದಷ್ಟು ಸಲ ಅವರ ಮನಸ್ಸು ಕೈಲಿದ್ದ ಕೆಲಸದ ಮೇಲೆ ಇರಲೇ ಇಲ್ಲ. ಮೇಯುತ್ತಿದ್ದ ಎಮ್ಮೆ ಪಕ್ಕದ ಗದ್ದೆಗೆ ನುಗ್ಗಿದರೆ ಏನು ಮಾಡುತ್ತೀರಿ? ಹೋಗಿ ತಿರುಗಿಸಿಕೊಂಡು ಬರುತ್ತೀರಿ. ಮತ್ತೆ ಹೋದರೆ ಮತ್ತೆ ತಿರುಗಿಸುತ್ತೀರಿ. ಹತ್ತು ನಿಮಿಷದಲ್ಲಿ ಮನಸ್ಸು ಐವತ್ತು ಸಲ ಹೋಗಿ, ಐವತ್ತು ಸಲ ನೀವು ತಿರುಗಿಸಿ ತಂದಿದ್ದರೆ ಅಭ್ಯಾಸ ಚೆನ್ನಾಗಿ ನಡೆದಿದೆ ಎಂದೇ ಅರ್ಥ.

ಕೆಲಸದ ನಡುವೆ

ಕುಳಿತು ಮಾಡುವ ಅಭ್ಯಾಸ ಸ್ವಲ್ಪ ರೂಢಿಯಾದ ಮೇಲೆ, ನಿಮ್ಮ ದಿನಚರಿಯ ಯಾವುದಾದರೂ ಒಂದು ಕೆಲಸವನ್ನು ಆರಿಸಿಕೊಳ್ಳಿ. ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಡಿ.

ರೊಟ್ಟಿ ಬಡಿಯುವಾಗ: ಹಿಟ್ಟಿನ ಬಿಸಿ, ಅಂಗೈ ತಗಲುವ ಸದ್ದು, ಹೆಂಚಿನ ಕಾವು, ರೊಟ್ಟಿ ಬೇಯುವ ವಾಸನೆ ಇವುಗಳನ್ನು ಗಮನಿಸಿ. ಮೊದಲ ಎರಡು ರೊಟ್ಟಿಗಳಿಗೆ ಇಷ್ಟು ಮಾಡಿದರೂ ಸಾಕು.

ಬದುವಿನ ಮೇಲೆ ನಡೆಯುವಾಗ: ಹಿಮ್ಮಡಿ ತಾಗುವುದು, ಪಾದ ಊರುವುದು, ಬೆರಳು ಎತ್ತುವುದನ್ನು ಗಮನಿಸಿ. ಮೊಬೈಲ್ ಜೇಬಿನಲ್ಲೇ ಇರಲಿ.

ನಾಟಿ, ಕಳೆ ಕೀಳುವ ಕೆಲಸದಲ್ಲಿ: ಗಂಟೆಗಟ್ಟಲೆ ಬಗ್ಗಿದ ಸೊಂಟ ನೋಯುತ್ತಿದ್ದರೂ ಎಷ್ಟೋ ಹೆಂಗಸರಿಗೆ ಕೆಲಸ ಮುಗಿಯುವವರೆಗೆ ಅದರ ಅರಿವಿರುವುದಿಲ್ಲ. ನಡುನಡುವೆ ನೆಟ್ಟಗೆ ನಿಂತು ಮೂರು ಉಸಿರು ಗಮನಿಸಿ, ಎಲ್ಲಿ ಬಿಗಿದಿದೆ ನೋಡಿ, ಸಡಿಲಿಸಿ. ಬಾಯಾರಿದ್ದರೆ ನೀರು ಕುಡಿಯಿರಿ. ಬಳ್ಳಾರಿಯ ಬಿಸಿಲಿನಲ್ಲಿ ಶರೀರ ಕೊಡುವ ಸೂಚನೆಯನ್ನು ಬೇಗ ತಿಳಿಯುವುದು ಬಹಳ ಮುಖ್ಯ.

ಊಟದಲ್ಲಿ: ಟೀವಿ ಆರಿಸಿ, ಮೊದಲ ಐದು ತುತ್ತನ್ನು ನಿಧಾನವಾಗಿ ಅಗಿದು ರುಚಿ ನೋಡಿ. ಹೊಟ್ಟೆ ತುಂಬಿದ ಸಂಗತಿ ಮೆದುಳಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕು. ಗಬಗಬನೆ ತಿಂದರೆ ಅಷ್ಟರಲ್ಲೇ ಅನ್ನ ಹೆಚ್ಚಾಗಿರುತ್ತದೆ. ಸಕ್ಕರೆ ಕಾಯಿಲೆ ಇರುವವರು ಇದನ್ನು ಮರೆಯಬಾರದು.

ಬಸ್ಸಿಗೆ ಕಾಯುವಾಗ: ಸಿರುಗುಪ್ಪಕ್ಕೋ ಬಳ್ಳಾರಿಗೋ ಹೋಗುವ ಬಸ್ಸು ತಡವಾದರೆ ಬೈದುಕೊಂಡು ಫಲವಿಲ್ಲ. ಆ ಹೊತ್ತಿನಲ್ಲಿ ಹತ್ತು ಉಸಿರು ಎಣಿಸಿ, ಸುತ್ತಲಿನ ಸದ್ದುಗಳನ್ನು ಒಂದೊಂದಾಗಿ ಕೇಳಿಸಿಕೊಳ್ಳಿ.

ಸಿಟ್ಟು ಬಂದಾಗ: ಮಾತು ಬಾಯಿಂದ ಬೀಳುವ ಮುಂಚೆ ಒಂದು ಉಸಿರು ಪೂರ್ತಿ ಹೊರಗೆ ಬಿಡಿ. ದವಡೆ ಬಿಗಿದಿದೆಯೇ, ಮುಷ್ಟಿ ಕಟ್ಟಿದೆಯೇ ನೋಡಿಕೊಳ್ಳಿ. ಆ ಬಳಿಕ ಹೇಳಬೇಕಾದದ್ದನ್ನು ಹೇಳಿ. ಅತ್ತೆ ಸೊಸೆಯರ ನಡುವೆ, ಅಪ್ಪ ಮಕ್ಕಳ ನಡುವೆ ವರ್ಷಗಟ್ಟಲೆ ಉಳಿಯುವ ಎಷ್ಟೋ ನೋವುಗಳು ಆ ಒಂದು ಉಸಿರಿನಷ್ಟು ತಾಳ್ಮೆ ಇಲ್ಲದ್ದರಿಂದಲೇ ಹುಟ್ಟಿರುತ್ತವೆ.

ಟ್ರ್ಯಾಕ್ಟರ್, ಬೈಕು ಓಡಿಸುವಾಗ, ಒಕ್ಕುವ ಯಂತ್ರದ ಬಳಿ ನಿಂತಾಗ, ಕೀಟನಾಶಕ ಸಿಂಪಡಿಸುವಾಗ ಉಸಿರು ಎಣಿಸುತ್ತಾ ಇರಬೇಡಿ. ಅಲ್ಲಿ ರಸ್ತೆ, ಯಂತ್ರ, ಗಾಳಿಯ ದಿಕ್ಕು ಇವುಗಳ ಮೇಲೆ ಪೂರ್ಣ ಗಮನವಿರುವುದೇ ಸಾವಧಾನತೆ.

ಎಚ್ಚರಿಕೆಗಳು

ರಕ್ತದೊತ್ತಡ, ಸಕ್ಕರೆ ಕಾಯಿಲೆ ಅಥವಾ ಮಾನಸಿಕ ಕಾಯಿಲೆಗೆ ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನು ಧ್ಯಾನ ಆರಂಭಿಸಿದ್ದೇವೆಂದು ನಿಲ್ಲಿಸಬಾರದು. ಹಿಂದೆ ಭೀಕರ ಅಪಘಾತ, ಹಲ್ಲೆ ಮುಂತಾದ ಆಘಾತ ಕಂಡವರಿಗೆ, ಚಿತ್ತವಿಕಲತೆಯ ಕಾಯಿಲೆ ಇರುವವರಿಗೆ ಕಣ್ಣುಮುಚ್ಚಿ ಬಹಳ ಹೊತ್ತು ಕುಳಿತರೆ ಗಾಬರಿ ಹೆಚ್ಚಾಗುವುದುಂಟು. ಅಂತಹವರು ವೈದ್ಯರ ಸಲಹೆ ಪಡೆದೇ ಆರಂಭಿಸಬೇಕು. ಯಾರಿಗೇ ಆಗಲಿ, ಅಭ್ಯಾಸದ ನಡುವೆ ತಳಮಳ ಹೆಚ್ಚಿದರೆ ಕಣ್ಣು ತೆರೆದು ಎದ್ದು ನಡೆದಾಡಿ.

ಎರಡು ವಾರಕ್ಕಿಂತ ಹೆಚ್ಚು ಕಾಲ ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ನಿದ್ದೆ, ಹಸಿವು ಕೆಟ್ಟಿದ್ದರೆ, ಕುಡಿತ ಮಿತಿಮೀರಿದ್ದರೆ, ಬದುಕಿ ಫಲವೇನು ಎಂಬ ಯೋಚನೆ ಬರುತ್ತಿದ್ದರೆ ಧ್ಯಾನದಿಂದ ಸರಿಹೋಗಬಹುದೆಂದು ಕಾಯುತ್ತಾ ಕೂರಬೇಡಿ. ಇದು ಚಿಕಿತ್ಸೆ ಬೇಕಾದ ಕಾಯಿಲೆ, ಚಿಕಿತ್ಸೆಯಿಂದ ವಾಸಿಯಾಗುವ ಕಾಯಿಲೆ. ಮನೆಯ ಹಿರಿಯರು ‘ಎಲ್ಲರಿಗೂ ಕಷ್ಟ ಇದ್ದದ್ದೇ’ ಎಂದು ತಳ್ಳಿಹಾಕದೆ ಜೊತೆಯಲ್ಲಿ ಆಸ್ಪತ್ರೆಗೆ ಹೋಗಬೇಕು.

ಈ ವಿಷಯದಲ್ಲಿ ನಮ್ಮ ಜಿಲ್ಲೆ ದೇಶಕ್ಕೇ ದಾರಿ ತೋರಿಸಿದೆ. ಮಾನಸಿಕ ಕಾಯಿಲೆಗೆ ದೂರದ ಬೆಂಗಳೂರಿಗೆ ಹೋಗುವ ಬದಲು ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಚಿಕಿತ್ಸೆ ಸಿಗಬೇಕೆಂದು 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ಪ್ರಯೋಗ ನಡೆಸಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ನೀಡಲಾಯಿತು. ‘ಬಳ್ಳಾರಿ ಮಾದರಿ’ ಎಂದೇ ಹೆಸರಾದ ಈ ಪ್ರಯೋಗದ ಆಧಾರದ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಆರಂಭವಾಯಿತು. ಅಂತಹ ಜಿಲ್ಲೆಯವರಾದ ನಾವು ಮನಸ್ಸಿನ ಕಾಯಿಲೆಗೆ ವೈದ್ಯರ ಬಳಿ ಹೋಗಲು ನಾಚಬೇಕಾಗಿಲ್ಲ. ಮೊದಲು ಫೋನಿನಲ್ಲಿ ಮಾತನಾಡಬೇಕೆನಿಸಿದರೆ 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ದಿನದ 24 ಗಂಟೆಯೂ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು.

ಉಳಿದವರು ಇಂದೇ ಆರಂಭಿಸಬಹುದು. ಎಂಟು ವಾರ ಬಿಡದೆ ಮಾಡಿ ನೋಡಿ. ಒಂದು ದಿನ ತಪ್ಪಿದರೆ ಮರುದಿನ ಮುಂದುವರಿಸಿ. ಮನೆಮಂದಿಯೆಲ್ಲ ಸೇರಿ, ದಿನಕ್ಕೊಂದು ಊಟವನ್ನಾದರೂ ಟೀವಿ, ಮೊಬೈಲ್ ಇಲ್ಲದೆ ಧ್ಯಾಸವಿಟ್ಟು ಉಣ್ಣುವ ಪದ್ಧತಿ ಇಟ್ಟುಕೊಂಡರೆ ಮಕ್ಕಳಿಗೂ ಇದು ಕಲಿಸದೆಯೇ ಬರುತ್ತದೆ.