ಬಾಗಿಲಲ್ಲಿ ನಿಂತವರು ಪೊಲೀಸರೇ?

ಮಧ್ಯಾಹ್ನದ ಹೊತ್ತು. ಮನೆಯಲ್ಲಿ ಒಬ್ಬರೇ ಇದ್ದಾರೆ. ಕರೆಗಂಟೆ ಸದ್ದಾಗುತ್ತದೆ. ‘ಯಾರು?’ ಎಂದು ಕೇಳಿದರೆ ‘ಪೊಲೀಸ್, ಬಾಗಿಲು ತೆಗೀರಿ’ ಎಂಬ ಉತ್ತರ. ಕಣ್ಣಿದ್ದವರಾದರೆ ಕಿಟಕಿಯ ಪರದೆ ಸರಿಸಿ ನೋಡುತ್ತಾರೆ. ಖಾಕಿ ಬಟ್ಟೆ, ಎದೆಯ ಮೇಲಿನ ಹೆಸರಿನ ಪಟ್ಟಿ, ಭುಜದ ಮೇಲಿನ ನಕ್ಷತ್ರ, ಗೇಟಿನಾಚೆ ನಿಂತ ಜೀಪು, ಇಷ್ಟನ್ನು ಅರೆಗಳಿಗೆಯಲ್ಲಿ ಕಂಡು ಚಿಲಕ ತೆಗೆಯುತ್ತಾರೆ. ಒಳಗಿರುವವರಿಗೆ ಕಣ್ಣು ಕಾಣದಿದ್ದರೆ? ಅವರ ಪಾಲಿಗೆ ಹೊರಗಿರುವುದು ಒಂದು ದನಿ ಮಾತ್ರ. ಆ ದನಿ ಪೊಲೀಸರದೋ, ಪೊಲೀಸರ ಹೆಸರು ಹೇಳಿಕೊಂಡು ಬಂದ ಕಳ್ಳನದೋ ತಿಳಿಯುವುದು ಹೇಗೆ?

ಇದು ಬೆರಳೆಣಿಕೆಯ ಜನರ ಪ್ರಶ್ನೆಯಲ್ಲ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ದೃಷ್ಟಿದೋಷ ಉಳ್ಳವರ ಸಂಖ್ಯೆ 50 ಲಕ್ಷಕ್ಕೂ ಹೆಚ್ಚು. ಪೊಲೀಸರು ಮನೆಗೆ ಬರುವ ಸಂದರ್ಭಗಳೂ ಕಡಿಮೆಯಲ್ಲ. ಪಾಸ್‌ಪೋರ್ಟಿಗೆ ಅರ್ಜಿ ಹಾಕಿದರೆ ವಿಳಾಸದ ಪರಿಶೀಲನೆಗೆ ಬರಬಹುದು. ಪಕ್ಕದ ಮನೆಯಲ್ಲಿ ಕಳವಾದರೆ ವಿಚಾರಿಸಲು ಬರುತ್ತಾರೆ. 2025ರ ಜುಲೈಯಲ್ಲಿ ಕರ್ನಾಟಕದಲ್ಲಿ ಆರಂಭವಾದ ‘ಮನೆ ಮನೆಗೆ ಪೊಲೀಸ್’ ಯೋಜನೆಯ ತಿರುಳೇ ಪೊಲೀಸರು ಜನರ ಬಾಗಿಲಿಗೆ ಹೋಗುವುದು. ಇದಲ್ಲದೆ, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಮಿನ ಪ್ರಕಾರ ಅಂಗವಿಕಲ ಸಾಕ್ಷಿಯನ್ನು ವಿಚಾರಣೆಗೆಂದು ಠಾಣೆಗೆ ಕರೆಸುವಂತಿಲ್ಲ; ಅವರು ತಾವಾಗಿ ಒಪ್ಪಿದರೆ ಬೇರೆ ಮಾತು, ಇಲ್ಲವಾದರೆ ಅವರಿರುವಲ್ಲಿಗೇ ಹೋಗಬೇಕು. ಅವರ ಅನುಕೂಲಕ್ಕೆಂದೇ ಮಾಡಿದ ಈ ನಿಯಮವೇ ಅಪರಿಚಿತ ದನಿಯೊಂದನ್ನು ಅವರ ಬಾಗಿಲಿಗೆ ತರುತ್ತದೆ.

ಕಣ್ಣಿಗಾಗಿ ಹುಟ್ಟಿದ ಗುರುತು

ಪೊಲೀಸರ ಗುರುತು ಮೊದಲಿನಿಂದಲೂ ಕಣ್ಣಿಗಾಗಿಯೇ ರೂಪುಗೊಂಡದ್ದು. 1829ರಲ್ಲಿ ರಾಬರ್ಟ್ ಪೀಲ್ ಲಂಡನ್ನಿನಲ್ಲಿ ಮೆಟ್ರೊಪಾಲಿಟನ್ ಪೊಲೀಸ್ ಪಡೆಯನ್ನು ಕಟ್ಟಿದಾಗ ಪೇದೆಗಳಿಗೆ ನೀಲಿ ಕೋಟು ತೊಡಿಸಲಾಯಿತು. ಸೈನಿಕರ ಕೆಂಪು ಕೋಟಿಗಿಂತ ಅದು ಬೇರೆಯಾಗಿ ಕಾಣಬೇಕಿತ್ತು. ಕೊರಳಪಟ್ಟಿಯ ಮೇಲಿನ ಸಂಖ್ಯೆಯಿಂದ ಪೇದೆ ಯಾರೆಂಬುದನ್ನು ಜನ ಹೇಳಬಹುದಿತ್ತು. ನಮ್ಮಲ್ಲಿ ನೀಲಿಯ ಜಾಗಕ್ಕೆ ಖಾಕಿ ಬಂತು. ಖಾಕಿ ಎಂದರೆ ಧೂಳಿನ ಬಣ್ಣ. ಬಣ್ಣವೇ ಇಲಾಖೆಯ ಹೆಸರಾಗಿಬಿಟ್ಟಿತು.

ಕಾನೂನೂ ಇದೇ ದಾರಿ ಹಿಡಿಯಿತು. ಡಿ.ಕೆ. ಬಸು ಮತ್ತು ಪಶ್ಚಿಮ ಬಂಗಾಳ ಸರ್ಕಾರದ ನಡುವಣ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್‌ನಲ್ಲಿ ತೀರ್ಪು ನೀಡಿ, ಬಂಧನದ ವೇಳೆ ಪೊಲೀಸರು ಪಾಲಿಸಬೇಕಾದ 11 ನಿಯಮಗಳನ್ನು ವಿಧಿಸಿತು. ಅವುಗಳಲ್ಲಿ ಮೊದಲನೆಯದೇ ಗುರುತಿನದು: ಬಂಧಿಸುವವರು ಹೆಸರು, ಹುದ್ದೆಯ ಪಟ್ಟಿಯನ್ನು ಕಾಣುವಂತೆ ಧರಿಸಿರಬೇಕು. ಇದೇ ಆಶಯ 2010ರಲ್ಲಿ ದಂಡ ಪ್ರಕ್ರಿಯಾ ಸಂಹಿತೆಯ ಭಾಗವಾಗಿ, ಈಗ ಹೊಸ ಸಂಹಿತೆಯ 36ನೇ ಕಲಮಿನಲ್ಲಿ ಮುಂದುವರಿದಿದೆ. ಲಾಕಪ್ ಸಾವುಗಳ ಹಿನ್ನೆಲೆಯಲ್ಲಿ ಬಂದ ಈ ನಿಯಮದ ಬೆಲೆ ದೊಡ್ಡದು. ಆದರೆ ‘ಕಾಣುವಂತೆ’ ಎಂದಾಗ ಯಾರಿಗೆ ಕಾಣುವಂತೆ ಎಂಬ ಪ್ರಶ್ನೆ ಅಲ್ಲಿ ಏಳಲೇ ಇಲ್ಲ.

ಬೆರಳು ಓದುವ ಚೀಟಿ

ಈ ಪ್ರಶ್ನೆಗೆ ಥಟ್ಟನೆ ಹೊಳೆಯುವ ಉತ್ತರ ಬ್ರೈಲ್ ಲಿಪಿ. ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸರ ವಾರಂಟ್ ಕಾರ್ಡ್, ಅಂದರೆ ಗುರುತಿನ ಚೀಟಿ, ‘ಪೊಲೀಸ್’ ಎಂಬ ಪದವನ್ನು ಉಬ್ಬು ಚುಕ್ಕೆಗಳಲ್ಲಿಯೂ ಹೊತ್ತಿರುತ್ತದೆ. ಬಾಗಿಲ ಸಂದಿನಲ್ಲಿ ಕಾರ್ಡನ್ನು ಕೈಗಿತ್ತರೆ ಬೆರಳಾಡಿಸಿ ಓದಬಹುದು. ತಮ್ಮಂಥವರೂ ಇದ್ದಾರೆಂದು ಇಲಾಖೆ ನೆನೆಯಿತಲ್ಲ ಎಂಬ ಸಮಾಧಾನ ಅದರಲ್ಲಿದೆ.

ಆದರೆ ಸಮಾಧಾನ ಬೇರೆ, ಖಾತರಿ ಬೇರೆ. ಬ್ರೈಲ್‌ನ ಒಂದು ಅಕ್ಷರ ಸುಮಾರು 6 ಮಿಲಿಮೀಟರ್ ಜಾಗ ಬೇಡುತ್ತದೆ. ಕಾರ್ಡಿನ ಉದ್ದ 8.5 ಸೆಂಟಿಮೀಟರ್ ಆಸುಪಾಸು. ಒಂದು ಸಾಲಿಗೆ 13 ಅಕ್ಷರ ಹಿಡಿದರೆ ಹೆಚ್ಚು. ಹೆಸರು, ಹುದ್ದೆ, ಠಾಣೆ, ಸಂಖ್ಯೆ ಎಲ್ಲವನ್ನೂ ಅಲ್ಲಿ ತುಂಬಲಾಗದು. ಮೇಲಾಗಿ ಅಂಧರೆಲ್ಲ ಬ್ರೈಲ್ ಬಲ್ಲವರಲ್ಲ. ಸಕ್ಕರೆ ಕಾಯಿಲೆಯಿಂದಲೋ ಗ್ಲಕೋಮಾದಿಂದಲೋ ಅರವತ್ತರಲ್ಲಿ ದೃಷ್ಟಿ ಕಳೆದುಕೊಂಡವರಿಗೆ ಆ ಚುಕ್ಕೆಗಳು ಬರಿಯ ಚುಕ್ಕೆಗಳೇ. ಇನ್ನೂ ಮುಖ್ಯವಾದದ್ದು, ಚುಕ್ಕೆ ಒತ್ತಲು ಬೇಕಾದದ್ದು ಒಂದು ಸ್ಲೇಟು ಮತ್ತು ಒಂದು ಮೊಳೆಯಂಥ ಕಡ್ಡಿ. ಹೊಲೊಗ್ರಾಮ್ ನಕಲು ಮಾಡುವುದಕ್ಕಿಂತ ಇದು ಎಷ್ಟೋ ಸುಲಭ.

ಮೊಬೈಲ್ ಫೋನಿನ ನೆರವೂ ಇಷ್ಟಕ್ಕೇ ನಿಲ್ಲುತ್ತದೆ. ಕಾರ್ಡನ್ನು ಕ್ಯಾಮೆರಾದ ಮುಂದೆ ಹಿಡಿದರೆ ಅಕ್ಷರಗಳನ್ನು ಗಟ್ಟಿಯಾಗಿ ಓದುವ ಆ್ಯಪ್‌ಗಳಿವೆ. 2015ರಲ್ಲಿ ಡೆನ್ಮಾರ್ಕಿನಲ್ಲಿ ಶುರುವಾದ ‘ಬಿ ಮೈ ಐಸ್’ ಮೂಲಕ ದೂರದ ಸ್ವಯಂಸೇವಕರೊಬ್ಬರು ವಿಡಿಯೊದಲ್ಲಿ ನೋಡಿ ವಿವರಿಸುತ್ತಾರೆ. ಅವು ಹೇಳುವುದು ಕಾರ್ಡಿನಲ್ಲಿ ಏನು ಬರೆದಿದೆ ಎಂದು. ಬರೆದದ್ದು ನಿಜವೇ ಎಂದಲ್ಲ. ಅಂಧರಿಗಾಗಿ ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ‘ಮಣಿ’ ಆ್ಯಪ್ ಕೂಡ ನೋಟು ಐನೂರರದೋ ನೂರರದೋ ಎಂದು ಹೇಳುತ್ತದೆ, ಅಸಲಿಯೋ ನಕಲಿಯೋ ಎಂದು ಹೇಳುವುದಿಲ್ಲ. ಪೊಲೀಸ್ ಕಾರ್ಡಿನ ಕಷ್ಟವೂ ಅದೇ.

ಕಂಡವರೂ ಮೋಸಹೋದರು

ಹಾಗಾದರೆ ಕಣ್ಣಿದ್ದವರು ಮಾತ್ರ ಕ್ಷೇಮವೇ? 2021ರ ಮಾರ್ಚ್ 3ರ ರಾತ್ರಿ ಲಂಡನ್ನಿನಲ್ಲಿ ಮನೆಗೆ ನಡೆದು ಹೋಗುತ್ತಿದ್ದ 33 ವರ್ಷದ ಸಾರಾ ಎವರಾರ್ಡ್ ಅವರನ್ನು ವೇಯ್ನ್ ಕಝನ್ಸ್ ಎಂಬಾತ ತಡೆದ. ವಾರಂಟ್ ಕಾರ್ಡ್ ತೋರಿಸಿದ, ಬಂಧಿಸುವಂತೆ ನಟಿಸಿ ಕೈಕೋಳ ಹಾಕಿದ, ಕಾರಿಗೆ ಹತ್ತಿಸಿದ. ಆಮೇಲೆ ಕೊಲೆ ಮಾಡಿದ. ಆ ಕಾರ್ಡ್ ನಕಲಿಯಾಗಿರಲಿಲ್ಲ. ಅವನು ಸೇವೆಯಲ್ಲಿದ್ದ ನಿಜವಾದ ಪೊಲೀಸನೇ ಆಗಿದ್ದ. ಆದರೆ ಆ ಹೊತ್ತಿನಲ್ಲಿ ಕರ್ತವ್ಯದ ಮೇಲಿರಲಿಲ್ಲ. ಬಂಧಿಸಲು ಕಾರಣವೂ ಇರಲಿಲ್ಲ.

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಗೆ ಇದಕ್ಕಿಂತ ಕಹಿಯಾದ ಸಾಕ್ಷ್ಯ ಬೇಕಿಲ್ಲ. ಕಾರ್ಡ್ ಉತ್ತರಿಸುವುದು ‘ಇವರು ಪೊಲೀಸರೇ?’ ಎಂಬ ಒಂದು ಪ್ರಶ್ನೆಗೆ ಮಾತ್ರ. ‘ಈಗ ಕೆಲಸದ ಮೇಲಿದ್ದಾರೆಯೇ? ಇಲ್ಲಿಗೆ ಬಂದ ಕಾರಣವೇನು?’ ಎಂಬ ಇನ್ನೆರಡು ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿಲ್ಲ, ಎಷ್ಟೇ ಚುರುಕು ಕಣ್ಣಿನಿಂದ ನೋಡಿದರೂ.

ಆ ಕೊಲೆಯ ನಂತರ, 2021ರ ಅಕ್ಟೋಬರ್‌ನಲ್ಲಿ ಸ್ಕಾಟ್ಲೆಂಡ್ ಪೊಲೀಸರು ಒಂದು ಸರಳ ವ್ಯವಸ್ಥೆ ತಂದರು. ಒಂಟಿ ಅಧಿಕಾರಿ ಯಾರನ್ನಾದರೂ ಮಾತನಾಡಿಸುವಾಗ ತನ್ನ ವಾಕಿಟಾಕಿಯ ಧ್ವನಿವರ್ಧಕ ಹಾಕುತ್ತಾರೆ. ನಿಯಂತ್ರಣ ಕೊಠಡಿಯಲ್ಲಿದ್ದವರು ಈ ಅಧಿಕಾರಿ ಯಾರು, ಕರ್ತವ್ಯದ ಮೇಲಿರುವುದು ಹೌದೇ, ಏಕೆ ಮಾತನಾಡಿಸುತ್ತಿದ್ದಾರೆ ಎಂಬುದನ್ನು ಎದುರಿದ್ದವರಿಗೆ ಕೇಳುವಂತೆ ಖಚಿತಪಡಿಸುತ್ತಾರೆ. ಮುಖ್ಯವಾಗಿ ಒಂಟಿ ಮಹಿಳೆಯರ ಭಯ ನೀಗಲೆಂದು ಹುಟ್ಟಿದ ಕ್ರಮ ಇದು. ಆದರೆ ಮೂರೂ ಪ್ರಶ್ನೆಗಳಿಗೆ ಕಿವಿಯ ಮೂಲಕವೇ ಉತ್ತರ ಕೊಡುವುದರಿಂದ ಅಂಧರಿಗೆ ಬ್ರೈಲ್ ಚೀಟಿಗಿಂತ ಹೆಚ್ಚು ಒದಗುತ್ತದೆ.

ದನಿಯನ್ನೂ ನಂಬುವಂತಿಲ್ಲ

ಹಾಗೆಂದು ಕಿವಿಯೊಂದೇ ಸಾಲದು. ತೊಂಬತ್ತರ ದಶಕದಲ್ಲಿ ಬೆಂಗಳೂರಿನ, ಹಳ್ಳಿಗಾಡಿನ ಎಷ್ಟೋ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದುದು ಹಲವರಿಗೆ ನೆನಪಿರಬಹುದು. ರಾತ್ರಿ ಬಲ್ಲವರ ದನಿಯಲ್ಲಿ ಕರೆಯುವ ದೆವ್ವದ ಸುದ್ದಿ ಅದು. ದೆವ್ವ ಸುಳ್ಳಿರಬಹುದು, ದನಿ ಮೋಸ ಮಾಡೀತೆಂಬ ಅಳುಕು ಸುಳ್ಳಲ್ಲ. ಬ್ರಿಟನ್ನಿನಲ್ಲಿ ಪೊಲೀಸರ ಸೋಗಿನಲ್ಲಿ ವೃದ್ಧರಿಗೆ ಫೋನ್ ಮಾಡುತ್ತಿದ್ದ ವಂಚಕರು ‘ಅನುಮಾನವಿದ್ದರೆ ಫೋನ್ ಇಟ್ಟು ಠಾಣೆಗೇ ಕರೆ ಮಾಡಿ’ ಎನ್ನುತ್ತಿದ್ದರು. ತಾವು ಮಾತ್ರ ಫೋನ್ ಇಡುತ್ತಿರಲಿಲ್ಲ. ಲೈನ್ ಕಡಿಯದೆ ಇದ್ದುದರಿಂದ ವೃದ್ಧರು ಒತ್ತಿದ ಸಂಖ್ಯೆ ಎಲ್ಲಿಗೂ ಹೋಗದೆ, ‘ಠಾಣೆ’ಯಿಂದ ಮಾತನಾಡುತ್ತಿದ್ದವರು ವಂಚಕರ ಜೊತೆಗಾರರೇ ಆಗಿರುತ್ತಿದ್ದರು.

ಅಂಧರ ಸಂಘಗಳು, ಪೊಲೀಸರು ಹೇಳುತ್ತ ಬಂದಿರುವ ಎಚ್ಚರಿಕೆಗಳ ತಿರುಳು ಇಲ್ಲಿದೆ: ಬಂದವರು ಆರಿಸದ ಮೂರನೆಯವರಿಂದ ಉತ್ತರ ಪಡೆಯಬೇಕು. ಬಾಗಿಲ ಸರಪಳಿ ತೆಗೆಯದೆ ಹೆಸರು, ಹುದ್ದೆ, ಠಾಣೆ, ಬಂದ ಕಾರಣ ಕೇಳಬೇಕು. ಮೊದಲೇ ಫೋನಿನಲ್ಲಿ ಉಳಿಸಿಟ್ಟ ಠಾಣೆಯ ಸಂಖ್ಯೆಗೋ 112ಕ್ಕೋ ತಾವೇ ಕರೆ ಮಾಡಿ ಅದನ್ನೆಲ್ಲ ತಾಳೆ ನೋಡಬೇಕು. ಬಂದವರು ಕೊಟ್ಟ ಸಂಖ್ಯೆಗೆ, ಬಂದವರು ಕೈಗಿತ್ತ ಫೋನಿನಿಂದ ಮಾಡಬಾರದು. ಆಗುವುದಾದರೆ ನೆರೆಯವರೊಬ್ಬರನ್ನು ಕರೆಯಬೇಕು. ಬ್ರಿಟನ್ನಿನ ವಿದ್ಯುತ್ ಮತ್ತು ಗ್ಯಾಸ್ ಕಂಪನಿಗಳು ಅಂಧ ಗ್ರಾಹಕರೊಡನೆ ಒಂದು ಗುಟ್ಟಿನ ಪದ ಗೊತ್ತುಮಾಡಿಕೊಂಡಿರುತ್ತವೆ. ಮನೆಗೆ ಬಂದ ನೌಕರ ಆ ಪದ ಹೇಳಬೇಕು. ನಮ್ಮ ಬೀಟ್ ಪೊಲೀಸರಿಗೂ ಇದು ಖರ್ಚಿಲ್ಲದ ಉಪಾಯ.

ಕಾನೂನಿನಲ್ಲಿ ಇದಕ್ಕೆ ಆಸರೆ ಇಲ್ಲದಿಲ್ಲ. ವಾರಂಟ್ ಇದ್ದರೆ ಅದರ ಸಾರಾಂಶವನ್ನು ಬಂಧಿತರಿಗೆ ತಿಳಿಸಬೇಕು. ಕೇಳಿದರೆ ವಾರಂಟನ್ನು ತೋರಿಸಬೇಕು. ಬಾಗಿಲು ಮುರಿದು ಒಳನುಗ್ಗುವ ಮುನ್ನ ಸಾಮಾನ್ಯವಾಗಿ ತಮ್ಮ ಅಧಿಕಾರವನ್ನೂ ಉದ್ದೇಶವನ್ನೂ ಹೇಳಬೇಕು. ಬಂಧನದ ಜ್ಞಾಪನಕ್ಕೆ ಮನೆಯವರೋ ಊರಿನ ಗಣ್ಯರೋ ಒಬ್ಬರಾದರೂ ಸಾಕ್ಷಿ ಹಾಕಬೇಕು, ಬಂಧಿತರೂ ಸಹಿ ಮಾಡಬೇಕು. ಓದಲಾಗದ ಕಾಗದಕ್ಕೆ ಸಹಿ ಹಾಕುವವರಿಗೆ ಆ ಸಾಕ್ಷಿಯೇ ಕಣ್ಣು. ಪೊಲೀಸರ ಸೋಗು ಹಾಕಿದವರಿಗೆ ಭಾರತೀಯ ನ್ಯಾಯ ಸಂಹಿತೆಯ 204ನೇ ಕಲಮಿನಡಿ 6 ತಿಂಗಳಿಂದ 3 ವರ್ಷದವರೆಗೆ ಸಜೆಯಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 12ನೇ ಕಲಮು ತನಿಖಾ ಸಂಸ್ಥೆಗಳ ಮುಂದೆಯೂ ಅಂಗವಿಕಲರಿಗೆ ತಾರತಮ್ಯವಿರಬಾರದು ಎನ್ನುತ್ತದೆ. ಆದರೆ ಬಾಗಿಲಲ್ಲಿ ನಿಂತ ಅಧಿಕಾರಿ ಅಂಧರಿಗೆ ತನ್ನ ಗುರುತನ್ನು ಬಾಯಿಬಿಟ್ಟು ಹೇಳಿ, ಠಾಣೆಗೆ ಕೇಳಿ ತಿಳಿಯುವವರೆಗೆ ಕಾಯಬೇಕು ಎಂಬ ಒಂದು ಸಾಲನ್ನು ಗುರುತಿನ ನಿಯಮಕ್ಕೆ ಸೇರಿಸುವುದು ಬಾಕಿ ಇದೆ.

ಇದು ಅಂಧರಿಗೆ ಮಾಡುವ ಉಪಕಾರವೇನೂ ಆಗದು. 2024ರಲ್ಲಿ ‘ಡಿಜಿಟಲ್ ಅರೆಸ್ಟ್’ ವಂಚನೆ ಹಬ್ಬಿ, ಆ ಅಕ್ಟೋಬರ್‌ನಲ್ಲಿ ಪ್ರಧಾನಿಯೇ ರೇಡಿಯೊದಲ್ಲಿ ಎಚ್ಚರಿಸಬೇಕಾಯಿತು. ಆ ವಂಚಕರ ಬಂಡವಾಳ ವಿಡಿಯೊ ಕರೆಯಲ್ಲಿ ತೋರಿಸುವ ಖಾಕಿ ಬಟ್ಟೆ ಮತ್ತು ಠಾಣೆಯಂತೆ ಸಿಂಗರಿಸಿದ ಕೋಣೆ. ಕಣ್ಣಾರೆ ಕಂಡೆವೆಂದು ನಂಬಿಯೇ ಜನ ಹಣ ಕಳೆದುಕೊಂಡರು. ಕಂಡದ್ದನ್ನು ಬದಿಗಿಟ್ಟು ತಾವೇ ಠಾಣೆಗೆ ಕರೆ ಮಾಡಿದ್ದರೆ ಹಣ ಉಳಿಯುತ್ತಿತ್ತು.

ನಿಜವಾದ ಪೊಲೀಸರಿಗೆ ಇದರಿಂದ ನಷ್ಟವಾಗುವುದು ಕೆಲವು ನಿಮಿಷ. ಸೋಗು ಹಾಕಿದವರಿಗೆ ಆ ಕೆಲವು ನಿಮಿಷವೇ ದುಬಾರಿ. ಬಾಗಿಲಿನ ಹಿಂದಿರುವವರು ‘ನಾಳೆ ಬಾ’ ಎನ್ನಬೇಕಿಲ್ಲ. ‘ಸ್ವಲ್ಪ ತಾಳಿ, ಠಾಣೆಗೆ ಕೇಳುತ್ತೇನೆ’ ಎಂದರೆ ಸಾಕು.